ನೋಡಿದ್ದಕ್ಕೂ ಕೂಲಿ

ಕಳೆದ ವಾರ ಬೆಂಗಳೂರಿನಿಂದ ಹಳೆಯ ವಿದ್ಯಾರ್ಥಿಯೊಬ್ಬರು ದೂರವಾಣಿ ಮಾಡಿದ್ದರು. ಕುಶಲ ಪ್ರಶ್ನೆಗಳೆಲ್ಲ ಮುಗಿದ ಮೇಲೆ, "ಸರ್, ನಿಮ್ಮ ಆ ಫಿಯೆಟ್ ಇನ್ನೂ ಐತೇನ್ರಿ?" ಎಂದು ಕೇಳಿದರು. ಇದೆ ಎಂದೆ. ಅವರು ನಕ್ಕರು. ಈಚೆಗೆ ನನ್ನ ಆರೋಗ್ಯಕ್ಕಿಂತ ಕಾರಿನ ಆರೋಗ್ಯವನ್ನು ವಿಚಾರಿಸುವವರೇ ಹೆಚ್ಚು. ಅದರಲ್ಲಿ ನನಗೆ ಬೇಸರವಿಲ್ಲ, ಏಕೆಂದರೆ ನಮ್ಮಿಬ್ಬರಿಗೂ ಮುಂಗಾಲಿನ ಕೀಲುಗಳದ್ದೇ ತೊಂದರೆ. ನನ್ನ ಮೊಣಕಾಲಿನ ಪುರಾಣವನ್ನು ಇನ್ನೊಮ್ಮೆ ಬರೆಯುತ್ತೇನೆ. ಇಂದು ಕಾರಿನ ಕೀಲುಗಳ ವಿಚಾರ, ಹಾಗೂ ಆ ನೆಪದಲ್ಲಿ ಬಹಳ ವರ್ಷಗಳಿಂದ ಮನಸ್ಸಿನಲ್ಲಿ ಕೊರೆಯುತ್ತಿರುವ ಒಂದು ಅಭಿಪ್ರಾಯ.

ಆ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ, ಒಪ್ಪದವರು ಇಲ್ಲಿಗೇ ಎದ್ದು ಹೋಗಬಹುದು. ನಮ್ಮ ಊರುಗಳ ಮಿಸ್ತ್ರಿಗಳು ದೋಷವನ್ನು ಹುಡುಕುವ ವಿದ್ಯೆ ಮರೆತಿದ್ದಾರೆ, ಸಾಮಾನು ಬದಲಿಸುವುದನ್ನೇ ರಿಪೇರಿ ಎಂದು ತಿಳಿದಿದ್ದಾರೆ ಎಂದು ನಾವೆಲ್ಲರೂ ದೂರುತ್ತೇವೆ. ದೂರು ಸುಳ್ಳಲ್ಲ. ಆದರೆ ಆ ತಪ್ಪಿನ ದೊಡ್ಡ ಪಾಲು ಗಾಡಿಯ ಒಡೆಯರಾದ ನಮ್ಮದು. ನಾವು ಸಾಮಾನಿಗೆ ಹಣ ಕೊಡುತ್ತೇವೆ, ನೋಡಿದ್ದಕ್ಕೆ ಕೊಡುವುದಿಲ್ಲ.

ನನ್ನದು 1984ರಲ್ಲಿ ತಯಾರಾದ ಪ್ರೀಮಿಯರ್ ಪದ್ಮಿನಿ. 1993ರಲ್ಲಿ ಎರಡನೆಯ ಕೈಯಲ್ಲಿ ಕೊಂಡದ್ದು. ನಮ್ಮ ಕಡೆ ಅದನ್ನು ಯಾರೂ ಪದ್ಮಿನಿ ಎಂದು ಕರೆದವರಲ್ಲ, ಫಿಯೆಟ್ ಎಂದರೇನೇ ತಿಳಿಯುತ್ತಿತ್ತು. ಇಟಲಿಯ ಫಿಯೆಟ್ 1100 ಡಿ ಎಂಬ ಮಾದರಿಯನ್ನು ಮುಂಬಯಿಯ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿಯವರು 1964ರಿಂದ ಇಲ್ಲಿ ತಯಾರಿಸತೊಡಗಿದರು. 1970ರ ದಶಕದಲ್ಲಿ ಅದು ಮೊದಲು ಪ್ರೆಸಿಡೆಂಟ್ ಆಗಿ, ಬಳಿಕ ಪದ್ಮಿನಿಯಾಯಿತು. 1089 ಸಿ.ಸಿ. ಎಂಜಿನ್, ಸ್ಟಿಯರಿಂಗ್ ಕಂಬಕ್ಕೇ ಅಂಟಿಕೊಂಡ ಗೇರಿನ ದಂಡ. ಆ ಕಂಪನಿಯನ್ನು 1944ರಲ್ಲಿ ಕಟ್ಟಿದ ವಾಲ್‌ಚಂದ್ ಹೀರಾಚಂದರು ಹುಟ್ಟಿದ್ದು ನಮ್ಮ ಇಂಡಿಯ ನೆರೆಯ ಸೊಲ್ಲಾಪುರದಲ್ಲಿ. ಬೆಂಗಳೂರಿನ ವಿಮಾನ ಕಾರ್ಖಾನೆಯನ್ನು 1940ರಲ್ಲಿ ಮೈಸೂರು ಸರ್ಕಾರದೊಡನೆ ಕೂಡಿ ಆರಂಭಿಸಿದವರೂ ಅವರೇ. ಇಂಡಿ ರೋಡ್ ನಿಲ್ದಾಣದಲ್ಲಿ ರೈಲು ಹತ್ತಿ ಸೊಲ್ಲಾಪುರಕ್ಕೆ ಹೋಗಿ ಫಿಯೆಟ್ಟಿನ ಸಾಮಾನು ತಂದಾಗಲೆಲ್ಲ, ಮಗಳ ತವರಿನಿಂದ ಬುತ್ತಿ ತಂದಷ್ಟು ಸಹಜವಾಗಿ ಕಾಣುತ್ತಿತ್ತು.

ಬಸವನ ಬಾಗೇವಾಡಿಯವರಿಗಾಗಿ ಇನ್ನೊಂದು ಸಂಗತಿ. 1964ರ ಮೇ ತಿಂಗಳಲ್ಲಿ ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟವರು ಲಾಲ್ ಬಹಾದ್ದೂರ್ ಶಾಸ್ತ್ರಿಗಳು. ಕೆಲವೇ ದಿನಗಳಲ್ಲಿ ಅವರು ದೇಶದ ಪ್ರಧಾನಿಯಾದರು. ಪ್ರಧಾನಿಯಾಗಿದ್ದಾಗ ಮನೆಮಂದಿಯ ಒತ್ತಾಯಕ್ಕೆ ಒಂದು ಫಿಯೆಟ್ ಕೊಳ್ಳಲು ಹೊರಟರೆ ಕೈಯಲ್ಲಿದ್ದ ಹಣ ಸಾಲಲಿಲ್ಲ. ಪಂಜಾಬ್ ನ್ಯಾಷನಲ್ ಬ್ಯಾಂಕಿನಿಂದ 5,000 ರೂಪಾಯಿ ಸಾಲ ಮಾಡಿದರು. ಅವರು ತೀರಿಕೊಂಡ ಮೇಲೆ ಲಲಿತಾ ಶಾಸ್ತ್ರಿಯವರು ತಮ್ಮ ಪಿಂಚಣಿಯಲ್ಲಿ ಆ ಸಾಲ ತೀರಿಸಿದರು. ಆ ಕಾರು ಇಂದಿಗೂ ದೆಹಲಿಯ ಶಾಸ್ತ್ರಿ ಸ್ಮಾರಕದಲ್ಲಿದೆ. ನನ್ನದು ಸ್ಮಾರಕದಲ್ಲಿಲ್ಲ, ಬೇವಿನ ಗಿಡದ ಕೆಳಗಿದೆ. ಸಾಲದ ವಿಷಯದಲ್ಲಿ ಮಾತ್ರ ಎರಡಕ್ಕೂ ಸಾಮ್ಯವಿತ್ತು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳಲ್ಲಿ ನನ್ನ ಸೇವೆಯೆಲ್ಲ ಕಳೆಯಿತು. ಆ ನಾಲ್ಕೂ ತಾಲೂಕುಗಳ ರಸ್ತೆಗಳನ್ನು ಈ ಕಾರು ಬಲ್ಲದು. ನಮ್ಮದು ಎರೆ ಭೂಮಿ. ಜೋಳಕ್ಕೆ ಅದು ತಾಯಿ, ರಸ್ತೆಗೆ ಮಲತಾಯಿ. ಮಳೆಗಾಲದಲ್ಲಿ ಎರೆಮಣ್ಣು ನೀರು ಹೀರಿ ಉಬ್ಬುತ್ತದೆ. ಬೇಸಿಗೆಯಲ್ಲಿ ಒಣಗಿ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮೇಲೆ ಎಷ್ಟು ಚೆನ್ನಾಗಿ ಡಾಂಬರು ಹಾಕಿದರೂ ಕೆಳಗಿನ ಮಣ್ಣು ಹೀಗೆ ಉಸಿರಾಡುತ್ತಿದ್ದರೆ ರಸ್ತೆ ಅಲೆಯಲೆಯಾಗಿ ಏಳುತ್ತದೆ, ಅಂಚು ಕುಸಿಯುತ್ತದೆ. ತಾಳಿಕೋಟೆಯ ಕಡೆ ಡೋಣಿಯ ದಂಡೆಯ ನೆಲವನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ನೀರಾವರಿ ಬಂದ ಮೇಲೆ ಕಬ್ಬು ಬಂತು, ಕಬ್ಬಿನ ಹಿಂದೆ ಭಾರದ ಟ್ರ್ಯಾಕ್ಟರುಗಳು ಬಂದವು, ಅಲೆಗಳ ಮೇಲೆ ಗಾಲಿಯ ಜಾಡುಗಳೂ ಮೂಡಿದವು. ಇಂಥ ರಸ್ತೆಯ ಪೆಟ್ಟನ್ನೆಲ್ಲ ಮೊದಲು ತಿನ್ನುವುದು ಮುಂದಿನ ಎರಡು ಚಕ್ರಗಳು.

ಫಿಯೆಟ್ಟಿನ ಹಿಂಭಾಗ ಸರಳ. ಅಲ್ಲಿರುವುದು ಪಾಟಾ, ವಿಜಯಪುರದ ಟಾಂಗಾದಲ್ಲಿ ಕುಳಿತವರೆಲ್ಲರಿಗೂ ಪಾಟಾ ಪರಿಚಯವಿದೆ. ಮುಂಭಾಗ ಹಾಗಲ್ಲ. ಎಡ ಬಲ ಚಕ್ರಗಳು ಒಂದಕ್ಕೊಂದು ಸಂಬಂಧವಿಲ್ಲದೆ ಏರಿಳಿಯಬೇಕು, ಏರಿಳಿಯುವಾಗಲೂ ನೆಟ್ಟಗಿರಬೇಕು, ಅದರ ಜೊತೆಗೆ ಸ್ಟಿಯರಿಂಗ್ ತಿರುವಿದತ್ತ ತಿರುಗಲೂ ಬೇಕು. ಇದಕ್ಕಾಗಿ ಪ್ರತಿ ಚಕ್ರಕ್ಕೂ ಮೇಲೊಂದು ಕೆಳಗೊಂದು ತೋಳು, ಭಾರ ಹೊರಲು ಸುರುಳಿ ಸ್ಪ್ರಿಂಗು, ಸ್ಪ್ರಿಂಗಿನ ಕುಣಿತವನ್ನು ತಡೆಯಲು ಶಾಕ್ ಅಬ್ಸಾರ್ಬರು, ಚಕ್ರ ತಿರುಗುವ ಅಚ್ಚಾಗಿ ಕಿಂಗ್ ಪಿನ್ನು, ತೋಳುಗಳ ಬುಡದಲ್ಲಿ ರಬ್ಬರಿನ ಬುಷ್ಷುಗಳು. ಒಂದು ಕೀಲು ಸಡಿಲವಾದರೆ ಅದರ ಸದ್ದು ಇನ್ನೊಂದರ ಬಳಿ ಕೇಳುತ್ತದೆ. ಹಲ್ಲುನೋವಿಗೆ ಕಿವಿ ಹಿಡಿದುಕೊಂಡು ಕೂಡುವವರಂತೆ.

2001ರ ಬೇಸಿಗೆಯಲ್ಲಿ ನನ್ನ ಕಾರು ಎಡಕ್ಕೆ ಎಳೆಯತೊಡಗಿತು. ಸಣ್ಣ ತಗ್ಗಿಗೂ ಕಟ್ ಎಂಬ ಸದ್ದು. ನಾನಾಗ ಇದ್ದ ಊರಿನ ಗ್ಯಾರೇಜಿಗೆ ಒಯ್ದೆ. ಊರಿನ ಹೆಸರು ಬೇಡ. ಆ ಮಿಸ್ತ್ರಿಯ ಮಕ್ಕಳು ನನ್ನ ವಿದ್ಯಾರ್ಥಿಗಳು. ಅವನು ಬಾನೆಟ್ಟಿನ ಮೇಲೆ ಕೈಯಿಟ್ಟು ಎರಡು ಬಾರಿ ಒತ್ತಿ, "ಬುಷ್ ಹೋಗ್ಯಾವ್ರಿ ಮಾಸ್ತರ" ಎಂದ. ಬುಷ್ ಬದಲಾದವು, ಸದ್ದು ಹೋಯಿತು. ನಾಲ್ಕು ತಿಂಗಳಿಗೆ ಮರಳಿ ಬಂತು. ಎರಡನೆಯ ಗ್ಯಾರೇಜಿನವನು ಶಾಕ್ ಅಬ್ಸಾರ್ಬರುಗಳನ್ನು ಬದಲಿಸಿದ, ಸದ್ದು ಹೋಗಲಿಲ್ಲ. ಬಳಿಕ ಅವನೂ ಬುಷ್ಷುಗಳನ್ನೇ ಬದಲಿಸಿದ. ನಡುವೆ ಯಾರೋ ಹೇಳಿದರೆಂದು ದೂರದ ಪಟ್ಟಣಕ್ಕೆ ಹೋಗಿ ಕಂಪ್ಯೂಟರಿನ ವೀಲ್ ಅಲೈನ್‌ಮೆಂಟ್ ಮಾಡಿಸಿದೆ. ಯಂತ್ರ ಅಚ್ಚುಕಟ್ಟಾದ ಅಂಕಿಗಳನ್ನು ಕೊಟ್ಟಿತು, ಮನೆಗೆ ಬರುವಷ್ಟರಲ್ಲಿ ಕಾರು ಎಡಕ್ಕೇ ಎಳೆಯುತ್ತಿತ್ತು. ಹದಿನೈದು ತಿಂಗಳಲ್ಲಿ ಮೂರು ಜೊತೆ ಬುಷ್, ಎರಡು ಶಾಕ್ ಅಬ್ಸಾರ್ಬರ್, ಒಂದು ಟೈರು. ಟೈರಿನ ಒಳಅಂಚು ನೂಲು ಕಾಣುವವರೆಗೆ ಸವೆದಿತ್ತು.

ಮಾಸ್ತರಿಕೆಯ ಒಂದು ಚಟ ನನ್ನನ್ನು ಕಾಪಾಡಿತು. ಹಳೆಯ ಉತ್ತರಪತ್ರಿಕೆಗಳನ್ನು ಎಸೆಯದಂತೆ, ಬದಲಿಸಿದ ಸಾಮಾನನ್ನೂ ನಾನು ಎಸೆಯಲು ಬಿಡುತ್ತಿರಲಿಲ್ಲ. ತೆಗೆದ ಬುಷ್ಷುಗಳೆಲ್ಲ ಒಂದು ಬಟ್ಟೆಯ ಚೀಲದಲ್ಲಿ ಡಿಕ್ಕಿಯಲ್ಲಿದ್ದವು.

2002ರಲ್ಲಿ, ಮೂರನೆಯ ಜೊತೆ ಹಾಕಿಸಿ ಇಪ್ಪತ್ತು ದಿನವಾಗಿತ್ತೇನೋ, ಸಿಂದಗಿಯ ಬಳಿ ಟೈರು ಪಂಕ್ಚರ್ ಆಯಿತು. ರಸ್ತೆ ಬದಿಯ ತಗಡಿನ ಗ್ಯಾರೇಜೊಂದರಲ್ಲಿ ನಿಲ್ಲಿಸಿದೆ. ಅಲ್ಲಿದ್ದ ಮಿಸ್ತ್ರಿ ನನ್ನನ್ನು ಕಂಡೊಡನೆ ಕೈ ಒರೆಸಿಕೊಂಡು ಬಂದು ಕಾಲು ಮುಟ್ಟಿದ. ನನಗೆ ಗುರುತು ಸಿಗಲಿಲ್ಲ. ಮುದ್ದೇಬಿಹಾಳದಲ್ಲಿ ಒಂಬತ್ತನೆಯ ತರಗತಿಯಲ್ಲಿ ನನ್ನ ಬಳಿ ಗಣಿತ ಕಲಿತವನಂತೆ, ಎಸ್.ಎಸ್.ಎಲ್.ಸಿ. ದಾಟಲಿಲ್ಲ. ಪಂಕ್ಚರಿನ ಕೆಲಸವನ್ನು ಹುಡುಗನಿಗೆ ವಹಿಸಿ, "ಸರ್, ಗಾಡಿ ಒಳಗ ಬರಬೇಕಾದ್ರ ಕಿರ್ ಅಂತಲ್ರಿ" ಎಂದ. ನಾನು ಹದಿನೈದು ತಿಂಗಳ ಕಥೆಯನ್ನೆಲ್ಲ ಹೇಳಿದೆ. ಅವನು ನಡುವೆ ಮಾತಾಡದೆ ಕೇಳಿದ. ಕೊನೆಗೆ ಎರಡೇ ಪ್ರಶ್ನೆ. ಸದ್ದು ಬ್ರೇಕು ಹಾಕಿದಾಗ ಬರುತ್ತದೋ, ತಗ್ಗಿನಲ್ಲಿಯೋ? ಹಳೆಯ ಸಾಮಾನು ಇವೆಯೋ?

ಚೀಲ ತಂದುಕೊಟ್ಟೆ. ಅವನು ಬುಷ್ಷುಗಳನ್ನು ಬಿಸಿಲಿಗೆ ಹಿಡಿದು ಒಂದೊಂದನ್ನೇ ತಿರುಗಿಸಿ ನೋಡಿದ. ಎಲ್ಲವೂ ಒಂದೇ ಬಗೆಯಲ್ಲಿ ಹರಿದಿದ್ದವು, ಹಿಂಡಿದ ಬಟ್ಟೆಯಂತೆ, ಒಂದೇ ದಿಕ್ಕಿಗೆ. "ಇವನ್ನ ಬಿಗಿ ಮಾಡುಮುಂದ ಗಾಡಿ ಜಾಕ್ ಮ್ಯಾಲೆ ಇತ್ತೇನ್ರಿ?" ಎಂದ. ಇತ್ತು. ಎರಡೂ ಗ್ಯಾರೇಜುಗಳಲ್ಲಿ ಮೂರು ಸಲವೂ ಹಾಗೆಯೇ ಇತ್ತು.

ಅವನು ಆಗ ಹೇಳಿದ್ದನ್ನು ನನ್ನ ಭಾಷೆಯಲ್ಲಿ ಬರೆಯುತ್ತೇನೆ. ಈ ಬುಷ್ ಎಂದರೆ ಎರಡು ಕೊಳವೆಗಳ ನಡುವೆ ಹಿಡಿದು ಕೂರಿಸಿದ ರಬ್ಬರು. ಬೋಲ್ಟು ಬಿಗಿದಾಗ ಒಳಕೊಳವೆ ಗಾಡಿಗೆ ಅಲುಗದಂತೆ ಕಚ್ಚಿಕೊಳ್ಳುತ್ತದೆ, ಹೊರಕೊಳವೆ ತೋಳಿನೊಡನೆ ಆಡುತ್ತದೆ. ನಡುವಣ ರಬ್ಬರು ಅತ್ತ ಸ್ವಲ್ಪ, ಇತ್ತ ಸ್ವಲ್ಪ ತಿರುಚಿಕೊಂಡು ಮರಳುತ್ತದೆ. ಅಲ್ಲಿ ಉಜ್ಜಾಟವಿಲ್ಲ, ಗ್ರೀಸೂ ಬೇಡ. ಗಾಡಿ ಜಾಕಿನ ಮೇಲಿದ್ದಾಗ ಚಕ್ರ ಕೆಳಕ್ಕೆ ಜೋತುಬಿದ್ದಿರುತ್ತದೆ. ಆ ಸ್ಥಿತಿಯಲ್ಲಿ ಬೋಲ್ಟು ಬಿಗಿದರೆ ಜೋತುಬಿದ್ದ ಸ್ಥಿತಿಯೇ ರಬ್ಬರಿಗೆ ವಿಶ್ರಾಂತಿ. ಗಾಡಿಯನ್ನು ನೆಲಕ್ಕಿಳಿಸಿದ ಕ್ಷಣದಿಂದ ಅದು ತಿರುಚಿಕೊಂಡೇ ನಿಲ್ಲುತ್ತದೆ. ನಿಂತಾಗಲೂ ವಿರಾಮವಿಲ್ಲ, ತಗ್ಗು ಬಂದರೆ ಇನ್ನಷ್ಟು ತಿರುಚು. ಮೊದಲು ಕಿರುಗುಟ್ಟುತ್ತದೆ, ಆಮೇಲೆ ಹರಿಯುತ್ತದೆ, ಹರಿದ ಮೇಲೆ ತೋಳಿನ ಸ್ಥಾನ ತಪ್ಪುತ್ತದೆ, ಚಕ್ರ ವಾಲುತ್ತದೆ, ಕಾರು ಎಳೆಯುತ್ತದೆ, ಟೈರು ತಿನ್ನುತ್ತದೆ. ಹೊಸ ಬುಷ್ ಹಾಕಿದಾಗ ಸದ್ದು ಹೋಗುವುದೂ ನಿಜ, ನಾಲ್ಕು ತಿಂಗಳಿಗೆ ಬರುವುದೂ ನಿಜ. ಬದಲಿಸಿದವನಿಗೆ ತಾನು ಸರಿಯಾದ ಸಾಮಾನನ್ನೇ ಬದಲಿಸಿದೆನೆಂಬ ಸಮಾಧಾನ. ನನಗೆ ಡುಪ್ಲಿಕೇಟ್ ಸಾಮಾನು ಕೊಟ್ಟನೆಂಬ ಸಂಶಯ.

ಉಳಿದವರಿಗೆ ಇದು ಗೊತ್ತಿರಲಿಲ್ಲವೆ? ಗೊತ್ತಿದ್ದಿರಬಹುದು. ಅವರ ಬಳಿ ನೆಲಗುಂಡಿ ಇರಲಿಲ್ಲ. ಚಕ್ರ ನೆಲದ ಮೇಲಿರುವಾಗ ಫಿಯೆಟ್ಟಿನ ಅಡಿಗೆ ಮನುಷ್ಯ ಹೋಗಿ ಪಾನಾ ತಿರುವುವುದು ಕಷ್ಟ. ಸಿಂದಗಿಯವನ ಬಳಿ ಗುಂಡಿಯಿತ್ತು. ಬೋಲ್ಟುಗಳನ್ನು ಸಡಿಲಿಸಿ, ಗಾಡಿಯನ್ನು ಚಕ್ರಗಳ ಮೇಲೆ ನಿಲ್ಲಿಸಿ, ನನ್ನನ್ನೂ ಇಬ್ಬರು ಹುಡುಗರನ್ನೂ ಒಳಗೆ ಕೂಡಿಸಿ, ಮುಂಭಾಗವನ್ನು ನಾಲ್ಕಾರು ಸಲ ಕುಣಿಸಿ ತೋಳುಗಳು ತಮ್ಮ ಜಾಗದಲ್ಲಿ ಕೂತ ಮೇಲೆ, ಗುಂಡಿಗಿಳಿದು ಬಿಗಿದ. ಎಲ್ಲ ಸೇರಿ ಒಂದೂವರೆ ತಾಸು.

"ಎಷ್ಟಾತಪಾ?" ಎಂದೆ.

"ಏನ್ ಹಾಕೀನಂತ ತಗೊಳ್ಳಲ್ರಿ ಸರ್? ಪಂಕ್ಚರಿಂದು ಇಪ್ಪತ್ತೈದು ಕೊಡ್ರಿ, ಸಾಕು."

ನಾನು ಇಪ್ಪತ್ತೈದು ರೂಪಾಯಿ ಕೊಟ್ಟು, ಬೆನ್ನು ಚಪ್ಪರಿಸಿ, ಸಂತೋಷದಿಂದ ಮನೆಗೆ ಬಂದೆ. ಆ ಬುಷ್ಷುಗಳು ಒಂಬತ್ತು ವರ್ಷ ಬಾಳಿದವು. ಹಿಂದಿನ ಇಬ್ಬರಿಗೆ ಸಾವಿರಗಟ್ಟಲೆ ತೆತ್ತವನು, ದೋಷವನ್ನು ನಿಜವಾಗಿ ಕಂಡವನಿಗೆ ಕೊಟ್ಟದ್ದು ಸೊನ್ನೆ. ಆಗ ನನಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಗುರುಭಕ್ತಿ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ.

ಆರೇಳು ವರ್ಷಗಳ ನಂತರ ಮತ್ತೆ ಅದೇ ದಾರಿಯಲ್ಲಿ ಹೋದಾಗ ಆ ಗುಂಡಿಯನ್ನು ಮುಚ್ಚಿ ಮೇಲೆ ಫರ್ಸಿ ಹಾಸಲಾಗಿತ್ತು. ಅವನು ಬಿಡಿಭಾಗಗಳ ಅಂಗಡಿ ಇಟ್ಟಿದ್ದ. ಅಂಗಡಿ ಚೆನ್ನಾಗಿ ನಡೆದಿತ್ತು, ಚಹಾ ತರಿಸಿದ. ಕೆಲಸ ಯಾಕೆ ಬಿಟ್ಟೆ ಎಂದು ಕೇಳಿದೆ. "ನೋಡೂದಕ್ಕ ಯಾರೂ ರೊಕ್ಕಾ ಕೊಡೂದಿಲ್ರಿ ಸರ್. ಡಬ್ಬಿ ತಗದ ಕೊಟ್ರ ಕೊಡ್ತಾರ" ಎಂದ. ಆ ಮಾತಿನಲ್ಲಿ ಕಹಿ ಇರಲಿಲ್ಲ. ಜೋಳದ ಧಾರಣೆ ಹೇಳುವಂತೆ ಹೇಳಿದ. ಚಹಾ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಕೊಡದವರಲ್ಲಿ ಮೊದಲನೆಯವನು ಎದುರಿಗೇ ಕುಳಿತಿದ್ದೆ.

ನನ್ನ ಬಳಿ ಗಣಿತ ಓದಿದವರು ಇದನ್ನು ನೆನೆಯಬೇಕು. ಉತ್ತರಪತ್ರಿಕೆ ತಿದ್ದುವಾಗ ನಾವು ಹಂತಕ್ಕೂ ಅಂಕ ಕೊಡುತ್ತಿದ್ದೆವು. ಕೊನೆಯ ಉತ್ತರ ತಪ್ಪಿದ್ದರೂ ಸೂತ್ರ ಸರಿಯಿದ್ದರೆ ಒಂದು, ಬೆಲೆಗಳನ್ನು ಸರಿಯಾಗಿ ಇಟ್ಟಿದ್ದರೆ ಇನ್ನೊಂದು. ಬರೀ ಉತ್ತರ ಬರೆದು ಹಂತಗಳನ್ನು ಬಿಟ್ಟವನನ್ನು ಪಕ್ಕದವನ ಪತ್ರಿಕೆ ನೋಡಿದನೋ ಎಂದು ಅನುಮಾನಿಸುತ್ತಿದ್ದೆವು. ಮೂವತ್ತು ವರ್ಷ ಹೀಗೆ ತಿದ್ದಿದವನು ಗ್ಯಾರೇಜಿನಲ್ಲಿ ನಿಂತಾಗ ಉತ್ತರಕ್ಕೆ ಮಾತ್ರ ಅಂಕ ಕೊಟ್ಟೆ. ಅಲ್ಲಿ ಉತ್ತರವೆಂದರೆ ಡಬ್ಬಿಯಲ್ಲಿ ಬರುವ ಹೊಸ ಸಾಮಾನು.

ಹುಡುಕುವ ಹಂತಗಳು ಯಾವುವು ಎಂದು ಈಗ ಕೇಳಬಹುದು. ನಾನು ಮಿಸ್ತ್ರಿಯಲ್ಲ, ಸಿಂದಗಿಯ ಆ ದಿನದ ನಂತರ ಅನೇಕರ ಬಳಿ ನಿಂತು ನೋಡಿ, ಕೇಳಿ ತಿಳಿದದ್ದನ್ನು ಬರೆಯುತ್ತೇನೆ. ನಿಮ್ಮ ಮನೆಯಲ್ಲಿ ಹಳೆಯ ಫಿಯೆಟ್ ಇಲ್ಲದಿದ್ದರೂ ಹಳೆಯ ಮಾರುತಿ 800 ಇದ್ದೀತು.

ಪಾನಾ ಹಿಡಿಯುವ ಮೊದಲು ಟೈರನ್ನು ಓದಬೇಕು. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ನಡುವೆ ಸವೆದಿದ್ದರೆ ಗಾಳಿ ಹೆಚ್ಚು. ಇದರಲ್ಲಿ ಸಸ್ಪೆನ್ಷನ್ನಿನ ಪಾಪವಿಲ್ಲ. ಒಂದೇ ಅಂಚು ಸವೆದಿದ್ದರೆ ಚಕ್ರ ವಾಲಿದೆ ಅಥವಾ ಓರೆಯಾಗಿ ಓಡುತ್ತಿದೆ. ಅಂಗೈಯನ್ನು ಟೈರಿನ ಅಡ್ಡಕ್ಕೆ ಸವರಿದರೆ ಒಂದು ಕಡೆಯಿಂದ ನುಣುಪು, ಮರಳುವಾಗ ಗರಗಸದಂತೆ ತಾಗಿದರೆ ಎರಡು ಚಕ್ರಗಳೂ ಒಂದೇ ದಿಕ್ಕಿಗೆ ನೋಡುತ್ತಿಲ್ಲ. ಅಲ್ಲಲ್ಲಿ ಬಟ್ಟಲಿನಂಥ ತಗ್ಗುಗಳಿದ್ದರೆ ಚಕ್ರ ಕುಣಿಯುತ್ತಿದೆ, ಶಾಕ್ ಅಬ್ಸಾರ್ಬರನ್ನು ನೋಡಬೇಕು. ಕಾರು ಒಂದು ಕಡೆಗೆ ಎಳೆದರೆ ಮೊದಲು ಗಾಳಿ ನೋಡಿ, ಬಳಿಕ ಮುಂದಿನ ಎರಡು ಚಕ್ರಗಳನ್ನು ಎಡಬಲ ಬದಲಿಸಬೇಕು. ಎಳೆತ ದಿಕ್ಕು ಬದಲಿಸಿದರೆ ದೋಷ ಟೈರಿನದು. ಅಷ್ಟಕ್ಕೇ ಮುಗಿಯಿತು, ಒಂದು ರೂಪಾಯಿಯ ಸಾಮಾನು ಬೇಡ. ಬದಲಾಗದಿದ್ದರೆ ಸ್ವಲ್ಪ ದೂರ ಓಡಿಸಿ ಬಂದು ಎರಡು ಚಕ್ರಗಳ ನಡುವಣ ಭಾಗಕ್ಕೆ ಅಂಗೈಯನ್ನು ಹತ್ತಿರ ಹಿಡಿಯಬೇಕು. ಒಂದೇ ಕಡೆ ಬಿಸಿಯಿದ್ದರೆ ಅಲ್ಲಿ ಬ್ರೇಕು ಹಿಡಿದುಕೊಂಡಿದೆ.

ಚಕ್ರವನ್ನು ನೆಲದಿಂದ ಎತ್ತಿ, ಜಾಕನ್ನೇ ನಂಬದೆ ಭದ್ರವಾದ ಆಸರೆ ಕೊಟ್ಟು, ಗಡಿಯಾರದ ಹನ್ನೆರಡರ ಬಳಿ ಒಂದು ಕೈ, ಆರರ ಬಳಿ ಒಂದು ಕೈ ಹಿಡಿದು ಅಲುಗಿಸಬೇಕು. ಫಿಯೆಟ್ಟಿನಲ್ಲಿ ಆಡುತ್ತಿದ್ದರೆ ಸಂಶಯ ಎರಡರ ಮೇಲೆ: ಚಕ್ರದ ಬೇರಿಂಗು, ಇಲ್ಲವೆ ಕಿಂಗ್ ಪಿನ್ನು. ಇನ್ನೊಬ್ಬರಿಗೆ ಬ್ರೇಕು ಒತ್ತಿ ಹಿಡಿಯಲು ಹೇಳಿ ಮತ್ತೆ ಅಲುಗಿಸಿದರೆ ಗುಟ್ಟು ಬಯಲಾಗುತ್ತದೆ. ಆಟ ನಿಂತರೆ ಬೇರಿಂಗು, ನಿಲ್ಲದಿದ್ದರೆ ಕಿಂಗ್ ಪಿನ್ನು. ಮೂರು ಮತ್ತು ಒಂಬತ್ತರ ಬಳಿ ಹಿಡಿದಾಗ ಆಡಿದರೆ ಸ್ಟಿಯರಿಂಗಿನ ಸರಳುಗಳ ತುದಿಗಳನ್ನು ನೋಡಬೇಕು. ಈ ಪರೀಕ್ಷೆಯನ್ನು ಕಲಿತಾಗ ನನಗಾದ ಆನಂದ, ಎರಡು ಅಜ್ಞಾತಗಳ ಸಮೀಕರಣದಲ್ಲಿ ಒಂದನ್ನು ಹೊರಹಾಕಿದಾಗ ಆಗುವಂಥದ್ದು. ಇದಕ್ಕೆ ಬೇಕಾದದ್ದು ಇಬ್ಬರು ಮನುಷ್ಯರು ಮತ್ತು ಎರಡು ನಿಮಿಷ. ಆದರೂ ಬೇರಿಂಗು ಚೆನ್ನಾಗಿರುವಾಗಲೇ ಬೇರಿಂಗು ಬದಲಿಸಿಕೊಂಡವರನ್ನು ನಾನು ಕಂಡಿದ್ದೇನೆ.

ಕಿಂಗ್ ಪಿನ್ನು ಗ್ರೀಸಿನ ಮೇಲೆ ಬದುಕುವ ಜೀವ. ನಮ್ಮ ಎರೆಮಣ್ಣಿನ ಕೆಸರು ನಿಪ್ಪಲ್ಲಿನ ಬಾಯಿಗೆ ಮೆತ್ತಿ ಒಣಗಿದರೆ ಕಲ್ಲು. ಗನ್ನಿನಿಂದ ಒತ್ತಿದ ಗ್ರೀಸು ಒಳಗೆ ಹೋಗದೆ ಪಕ್ಕದಿಂದ ಜಾರುತ್ತದೆ, ಹುಡುಗ ಆಯಿತೆಂದು ಎದ್ದು ಹೋಗುತ್ತಾನೆ. ಹಳೆಯ ಕಪ್ಪು ಗ್ರೀಸು ಕೀಲಿನ ಸಂದಿನಿಂದ ಹೊರಬರುವುದನ್ನು ಕಣ್ಣಾರೆ ಕಾಣುವವರೆಗೆ ಗ್ರೀಸು ಹಾಕಿದಂತಲ್ಲ. ಕುಸಿದ ಸ್ಪ್ರಿಂಗನ್ನು ಅಳೆಯಲು ಸಮನೆಲ ಬೇಕು. ಚಕ್ರದ ನಡುವಿನಿಂದ ಮೇಲಿನ ಕಮಾನಿನವರೆಗೆ ಎರಡೂ ಕಡೆ ಟೇಪು ಹಿಡಿದರೆ ತಿಳಿಯುತ್ತದೆ. ನಮ್ಮ ಅಂಗಳ ಸಮವಿಲ್ಲವಾದ್ದರಿಂದ ನಾನು ಗೌಂಡಿಯ ನೀರಿನ ಪೈಪು ತಂದು ಮಟ್ಟ ಹಿಡಿದಿದ್ದೆ. ಶ್ರೀಮತಿಯವರು ಕಾರಿಗೆ ಅಡಿಪಾಯ ಹಾಕುವಿರೇನು ಎಂದು ಕೇಳಿದರು. ಇನ್ನು ಸ್ಪ್ರಿಂಗನ್ನು ಬಿಚ್ಚುವುದಂತೂ ಮನೆಯಲ್ಲಿ ಮಾಡುವ ಕೆಲಸವಲ್ಲ. ಒತ್ತಿ ಕೂರಿಸಿದ ಸುರುಳಿ ಸ್ಪ್ರಿಂಗು ಹಿಡಿತ ತಪ್ಪಿ ಸಿಡಿದರೆ ಮನುಷ್ಯನ ಜೀವ ತೆಗೆಯಬಲ್ಲದು. ಅದನ್ನು ಒತ್ತಿ ಹಿಡಿಯುವ ಸಾಧನವಿಲ್ಲದ ಗ್ಯಾರೇಜಿನಲ್ಲಿ ಬಿಚ್ಚಗೊಡಬೇಡಿ.

ವೀಲ್ ಅಲೈನ್‌ಮೆಂಟ್ ಎಲ್ಲಕ್ಕೂ ಕೊನೆಗೆ. ಕೀಲುಗಳು ಆಡುತ್ತಿರುವಾಗ ಕೋನ ಅಳೆದರೆ ಬರುವುದು ನಿಂತ ಗಾಡಿಯ ಕೋನ, ಓಡುವ ಗಾಡಿಯದಲ್ಲ. ನಾನು ದೂರದ ಪಟ್ಟಣದಲ್ಲಿ ತೆತ್ತ ಹಣ ಇದೇ ಅಜ್ಞಾನದ ಫಲ. ಯಂತ್ರ ಸುಳ್ಳು ಹೇಳಿರಲಿಲ್ಲ, ನಾನು ಪ್ರಶ್ನೆಯನ್ನು ತಪ್ಪಾಗಿ ಕೇಳಿದ್ದೆ.

ಮಾರುತಿ 800 ಬಂದ ಮೇಲೆ (1983ರ ಡಿಸೆಂಬರಿನಲ್ಲಿ ಮೊದಲ ಕಾರು, 2014ರಲ್ಲಿ ಕೊನೆಯದು) ಮುಂಭಾಗ ಸರಳವಾಯಿತು. ಮೇಲಿನ ತೋಳಿಲ್ಲ, ಕಿಂಗ್ ಪಿನ್ನಿಲ್ಲ; ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಂದೇ ಕಂಬದಲ್ಲಿ. ಕೀಲು ಕಡಿಮೆಯಾದಷ್ಟೂ ಹುಡುಕುವುದು ಸುಲಭವಾಗಬೇಕಿತ್ತು. ಆದದ್ದು ಬೇರೆ. ಸಾಮಾನು ಎಲ್ಲೆಡೆ ಸಿಗುವಂತಾಯಿತು, ಆದ್ದರಿಂದ ಬದಲಿಸುವುದು ಹುಡುಕುವುದಕ್ಕಿಂತ ಅಗ್ಗವಾಯಿತು. ಅಗ್ಗವೆಂದದ್ದು ಮಿಸ್ತ್ರಿಯ ಲೆಕ್ಕದಲ್ಲಿ. ಒಂದು ತಾಸು ಹುಡುಕಿದರೆ ಅವನಿಗೆ ಏನೂ ಇಲ್ಲ, ಅದೇ ತಾಸಿನಲ್ಲಿ ಎರಡು ಸಾಮಾನು ಬದಲಿಸಿದರೆ ಕೂಲಿಯೂ ಉಂಟು, ಅಂಗಡಿಯವನ ಕಮಿಷನ್ನೂ ಉಂಟು. ಮಕ್ಕಳ ಫೀ ಕಟ್ಟಬೇಕಾದವನು ಯಾವುದನ್ನು ಆರಿಸಿಕೊಳ್ಳಬೇಕೆಂದು ನಾನು ಹೇಳಲಿ?

ಡಾಕ್ಟರರ ಬಳಿ ಹೋಗುತ್ತೇವೆ. ಅವರು ಸ್ಟೆತಾಸ್ಕೋಪು ಇಟ್ಟು, "ಏನೂ ಇಲ್ಲ, ವಿಶ್ರಾಂತಿ ತಗೊಳ್ಳಿ" ಎಂದರೆ ಫೀ ಕೊಟ್ಟು ನೆಮ್ಮದಿಯಿಂದ ಬರುತ್ತೇವೆ. ವಕೀಲರು ಕೇಸಿನಲ್ಲಿ ಹುರುಳಿಲ್ಲ ಎಂದರೂ ಕೊಡುತ್ತೇವೆ. ಮಿಸ್ತ್ರಿ "ಏನೂ ಆಗಿಲ್ಲ, ಒಂದು ನಟ್ಟು ಸಡಿಲಿತ್ತು" ಎಂದರೆ "ಅಷ್ಟೇನಾ" ಎಂದು ಗಾಡಿ ಹತ್ತುತ್ತೇವೆ. ಇದರ ಹಿಂದೆ ಕೈಕೆಲಸದವನ ತಲೆಯನ್ನು ಲೆಕ್ಕಕ್ಕೆ ಹಿಡಿಯದ ನಮ್ಮ ಹಳೆಯ ರೋಗವಿದೆ. ಕಾಯಕದ ಮಾತನ್ನು ಜಗತ್ತಿಗೆ ಹೇಳಿದವರು ಹುಟ್ಟಿದ ಬಾಗೇವಾಡಿಯಲ್ಲಿ ಪಾಠ ಮಾಡಿದವನು ಇಂದು ತಡವಾಗಿ ಇದನ್ನು ಬರೆಯುತ್ತಿದ್ದೇನೆ, ನಾಚಿಕೆಯಿಂದಲೇ.

ನನ್ನ ಅಳಿಯನ ಆಕ್ಷೇಪ ನನಗೆ ಗೊತ್ತು. ನೋಡಿದ್ದಕ್ಕೂ ಹಣ ಕೊಟ್ಟರೆ, ನೋಡದೆಯೇ ನೋಡಿದೆ ಎನ್ನುವವರು ಹುಟ್ಟಿಕೊಳ್ಳುತ್ತಾರೆ ಎನ್ನುತ್ತಾನೆ. ಹುಟ್ಟಿಕೊಳ್ಳಲಿ. ಅಂಥವನ ಬಳಿ ನಾನು ಕಳೆದುಕೊಳ್ಳುವುದು ಮುನ್ನೂರು ರೂಪಾಯಿ. ಹುಡುಕದೆ ಬದಲಿಸುವವನ ಬಳಿ ಕಳೆದುಕೊಂಡದ್ದು ಅದರ ಹತ್ತಾರು ಪಟ್ಟು. ಅದೂ ಅಲ್ಲದೆ, ನೋಡಿದ್ದೇನು ಎಂದು ಬಾಯಿಬಿಟ್ಟು ಕೇಳುವ ಹಕ್ಕು ಹಣ ಕೊಟ್ಟವನಿಗೆ ಬರುತ್ತದೆ. ಯಾವ ಕೀಲು ಆಡುತ್ತಿತ್ತು, ಬ್ರೇಕು ಒತ್ತಿದಾಗ ನಿಂತಿತೇ ಎಂದು ಕೇಳಿದರೆ ನೋಡಿದವನು ಹೇಳುತ್ತಾನೆ, ನೋಡದವನು ತಡವರಿಸುತ್ತಾನೆ. ಮೌಖಿಕ ಪರೀಕ್ಷೆ ನಡೆಸಿ ಗೊತ್ತಿದ್ದವರಿಗೆ ಇದು ಹೊಸದಲ್ಲ.

ಇನ್ನೊಂದು ಆಕ್ಷೇಪಕ್ಕೆ ನನ್ನ ಬಳಿ ಉತ್ತರವಿಲ್ಲ. ಹಳೆಯ ಕಾರುಗಳ ಕಾಲವೇ ಮುಗಿಯುತ್ತಿದೆ. ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಗಳಾಗಿ ಓಡುತ್ತಿದ್ದ ಪದ್ಮಿನಿಗಳಲ್ಲಿ ಕೊನೆಯದು 2023ರ ಅಕ್ಟೋಬರಿನಲ್ಲಿ ಇಪ್ಪತ್ತು ವರ್ಷ ತುಂಬಿ ಬೀದಿಯಿಂದ ಇಳಿಯಿತು. ಅವುಗಳ ಕಾಲದಲ್ಲಿ ಸುಲಭವಾಗಿ ಸಿಗುತ್ತಿದ್ದ ಸಾಮಾನನ್ನು ಈಗ ಹುಡುಕಬೇಕು. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲಿನಲ್ಲಿ 600ರಿಂದ 5,000 ರೂಪಾಯಿಗೆ ಏರಿತು. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದವಕ್ಕೆ 10,000 ಆಯಿತು. ನನ್ನದು 2024ರಲ್ಲಿ ನವೀಕರಣಗೊಂಡಿದೆ, ಮುಂದಿನದು 2029. ನಾವಿಬ್ಬರಲ್ಲಿ ಯಾರು ಆ ವರ್ಷಕ್ಕೆ ತಲುಪುತ್ತೇವೆಯೋ. ಹೊಸ ಕಾರುಗಳಿಗೆ ಕಂಪ್ಯೂಟರೇ ದೋಷ ಹೇಳುತ್ತದಂತೆ. ಎಂಜಿನ್ನಿನದು ಹೇಳುತ್ತದೆ, ಒಪ್ಪುತ್ತೇನೆ. ಹರಿದ ರಬ್ಬರಿನದು ಹೇಳುವುದನ್ನು ನಾನಿನ್ನೂ ಕಂಡಿಲ್ಲ. ಎರೆಮಣ್ಣು ಉಬ್ಬಿ ಕುಗ್ಗುವುದನ್ನು ನಿಲ್ಲಿಸಿಲ್ಲ, ಹೊಸ ಕಾರಿಗೂ ಕೀಲುಗಳಿವೆ.

ಕಳೆದ ತಿಂಗಳು ಮೊಮ್ಮಗನ ಹಳೆಯ ಮಾರುತಿ 800 ಮುಂದಿನಿಂದ ಟಕ್ ಟಕ್ ಎನ್ನುತ್ತಿತ್ತು. ಯಾರೋ ಎರಡೂ ಕಂಬ ಬದಲಿಸಬೇಕೆಂದು ಹೇಳಿದ್ದರಂತೆ. ಅವನನ್ನು ಕರೆದುಕೊಂಡು ಇಂಡಿಯ ಒಂದು ಸಣ್ಣ ಗ್ಯಾರೇಜಿಗೆ ಹೋದೆ. ಇಪ್ಪತ್ತೈದರ ಹುಡುಗ, ಐ.ಟಿ.ಐ. ಓದಿದವನು. "ತಮ್ಮಾ, ಇವತ್ತು ಏನೂ ಬದಲಿ ಮಾಡಬ್ಯಾಡ. ಬರೇ ನೋಡು. ನೋಡಿದ್ದಕ್ಕ ಮುನ್ನೂರು ಕೊಡ್ತೀನಿ" ಎಂದೆ. ಅವನು ನನ್ನ ಮುಖವನ್ನೂ ಮೊಮ್ಮಗನ ಮುಖವನ್ನೂ ನೋಡಿದ. ಮುದುಕನಿಗೆ ಅರಳುಮರಳು ಎಂದುಕೊಂಡಿರಬೇಕು. ಬಳಿಕ ಗಾಡಿಯನ್ನು ತಾನೇ ಓಡಿಸಿಕೊಂಡು ಒಂದು ಸುತ್ತು ಬಂದ, ಅಡಿಗೆ ಹೋದ, ಮೊಮ್ಮಗನಿಂದ ಮುಂಭಾಗ ಕುಣಿಸಿದ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಒಂದೊಂದೇ ಕೀಲಿಗೆ ಒತ್ತಿ ಹಿಡಿಯನ್ನು ಕಿವಿಗಿಟ್ಟು ಕೇಳಿದ. ಆ ಉಪಾಯವನ್ನು ಅವನಿಗೆ ಯಾರು ಕಲಿಸಿದರೋ, ನನಗೆ ರೋಮಾಂಚನವಾಯಿತು. ಮುಕ್ಕಾಲು ತಾಸಿನ ಮೇಲೆ ಹೊರಬಂದು, "ಕಂಬ ಗಟ್ಟಿ ಅದಾವ್ರೀ ಅಜ್ಜಾರ. ಅಡ್ಡ ಸರಳಿನ ಕ್ಲಾಂಪಿನ ರಬ್ಬರ್ ಹೋಗೈತಿ, ಅಷ್ಟ" ಎಂದ. ಹಾಕು ಎಂದೆ.

ಬಿಲ್ಲನ್ನು ಬರೆದೇ ಕೊಡಬೇಕೆಂದು ಹಟ ಹಿಡಿದೆ. ಕ್ಯಾಲೆಂಡರಿನ ಹಿಂದಿನ ಹಾಳೆ ಹರಿದು ಬರೆದ. ರಬ್ಬರ್ 2 ಕ್ಕೆ 120, ಹಾಕಿದ ಕೂಲಿ 80. ಮೂರನೆಯ ಸಾಲಿಗೆ ಬಂದಾಗ ಪೆನ್ನು ನಿಲ್ಲಿಸಿ, "ಇದಕ್ಕೇನಂತ ಬರೀಲ್ರಿ?" ಎಂದು ಕೇಳಿದ. ನೋಡಿದ್ದು ಎಂದು ಬರೆ ಎಂದೆ. "ನೋಡಿದ್ದು 300" ಎಂದು ದುಂಡಗೆ ಬರೆದು, ಅದನ್ನೇ ಒಂದು ಸಲ ಓದಿಕೊಂಡು, ನಕ್ಕು ಕೈಗೆ ಕೊಟ್ಟ.